ಹೋಗಿ ಬರೋಕೆ ತಲೆಗೆ ನಾನೂರು

ಹೊಸೂರು ಬಸ್‌ಸ್ಟ್ಯಾಂಡಿನ ಹಿಂದೆ, ಗುಲಾಬಿ ಪೆಟ್ಟಿಗೆ ಇಳಿಸುವ ಕಡೆ
ಭಾನುವಾರ ಏಳಕ್ಕೆ ನನ್ನ ವ್ಯಾನು.
ಹೋಗಿ ಬರೋಕೆ ತಲೆಗೆ ನಾನೂರು.
ಊಟ ನಿಮ್ಮದು, ನೀರು ನಿಮ್ಮದು,
ಬೆಟ್ಟ ಹತ್ತುವ ಮಂಡಿಯೂ ನಿಮ್ಮದೇ.
ನಾನು ಕೆಳಗೆ ಹುಣಸೆ ಮರದಡಿ ಮಲಗಿರುತ್ತೇನೆ.

ಹನ್ನೊಂದು ವರ್ಷ ಹೀಗೇ.
ಮೇಲೇನಿದೆ ಎಂದವರಿಗೆ ಕೇಳಿದ್ದನ್ನೇ ಹೇಳುತ್ತಿದ್ದೆ:
ಮೋರಿಯರು ಅಂತ, ಮೊಳದುದ್ದದ ಜನ,
ಬದನೆ ಗಿಡಕ್ಕೆ ಏಣಿ ಹಾಕಿ ಕಾಯಿ ಕೊಯ್ಯುತ್ತಿದ್ದರಂತೆ,
ಬೆಂಕಿಮಳೆ ಬರುತ್ತದೆಂದು ಹೆದರಿ
ಕಲ್ಲುಮನೆ ಕಟ್ಟಿ ಒಳಗೆ ಕೂತರಂತೆ.
ಇನ್ನೂ ಕೂತಿರಬಹುದು ಸಾರ್, ಕಾಲು ಜೋಪಾನ.

ಈ ಸಲ ಒಂಬತ್ತು ಸೀಟು.
ಬೇರಿಂಗ್ ಫ್ಯಾಕ್ಟರಿಯ ಅಪ್ರೆಂಟಿಸ್ ಹುಡುಗರು ಐವರು,
ಹಿಸ್ಟರಿ ಟೀಚರ್ ಶೆಣ್ಬಗವಲ್ಲಿ, ಅವರ ಬಿ.ಪಿ. ಗಂಡ,
ಮೊಮ್ಮಗಳು ಯಾಳಿನಿ.
ಒಂಬತ್ತನೆಯವನು ದುಡ್ಡು ಕೊಟ್ಟಿದ್ದ, ಬರಲಿಲ್ಲ.

ಶೂಲಗಿರಿಯಲ್ಲಿ ಇಡ್ಲಿ. ಆಮೇಲೆ ಎಡಕ್ಕೆ;
ಟಾರು ಮುಗಿಯುತ್ತದೆ, ನಾಯಿ ಶುರುವಾಗುತ್ತವೆ.

ಅವರು ಹತ್ತಿ ಹೋದರು. ನನಗೆ ನಿದ್ದೆ ಹತ್ತುವಷ್ಟರಲ್ಲಿ ಫೋನು:
'ಮುನಿಯಲ್ಲಪ್ಪಾ, ಸೀಟಿನ ಮೇಲೆ ಮಾತ್ರೆ ಡಬ್ಬಿ!'
ಬೈದುಕೊಂಡೇ ಹತ್ತಿದೆ.

ಮೇಲೆ ಗಾಳಿ. ಗಾಳಿಯ ನಡುವೆ
ಇಸ್ಪೀಟೆಲೆ ಜೋಡಿಸಿದ ಹಾಗೆ ಚಪ್ಪಡಿಗಳು:
ನಾಲ್ಕು ಗೋಡೆ, ತಲೆಗೊಂದು ಮುಚ್ಚಳ,
ಮೂಡಣ ಗೋಡೆಗೆ ಒಂದು ತೂತು, ಗುಂಡಗೆ.
ಅಪ್ರೆಂಟಿಸ್ ಹುಡುಗ ಅದರ ಅಂಚಿಗೆ ಬೆರಳು ಸವರಿ
'ಲೇತೇ ಇಲ್ಲದೆ ಇಷ್ಟು ರೌಂಡಾ?' ಎಂದ;
ಉಳಿದ ನಾಲ್ವರೂ ಬಂದು ಸವರಿದರು, ಯಾರೂ ನಗಲಿಲ್ಲ.

ಒಂದು ಮನೆಯಲ್ಲಿ ಪಿಳ್ಳಮ್ಮನ ಮೇಕೆಮರಿಗಳು.
ತೂತಿಗೆ ಲಂಟಾನ ಮುಳ್ಳು ತುರುಕಿದ್ದಳು.
'ಬಾಡಿಗೆ ಇಲ್ಲ, ಬೀಗ ಇಲ್ಲ' ಎಂದಳು.

'ಇದು ಮನೆ ಅಲ್ಲ' ಎಂದರು ಟೀಚರ್, 'ಸತ್ತವರ ಗೋರಿ.
ಎರಡು ಸಾವಿರ ವರ್ಷಕ್ಕೂ ಹಿಂದಿನದು.'
'ಹಾಗಿದ್ರೆ ಬಾಗಿಲು ಯಾಕೆ ಪಾಟಿ?' ಯಾಳಿನಿ
ತೂತಿನಿಂದ ತಲೆ ಹೊರಗೆ ಹಾಕಿ ಕೇಳಿತು.
ಟೀಚರ್ ಬಾಟಲಿಯ ಮುಚ್ಚಳ ತಿರುಗಿಸಿದರು.
ಪಿಳ್ಳಮ್ಮನೇ ಹೇಳಿದಳು: 'ಹೋಗಿ ಬರೋಕೆ.'

ನಾನು ಅಷ್ಟರಲ್ಲಿ ಪಕ್ಕದ ಮನೆಯ ಮುಂದಿದ್ದೆ.
ಮೂರು ಗೋಡೆ ನೆಟ್ಟಗೆ; ಮೂಡಣದ್ದು ಅರ್ಧ.
ತೂತೂ ಅರ್ಧ, ಅಮಾವಾಸ್ಯೆಗೆ ಎಂಟು ದಿನ ಇರುವ ಚಂದ್ರನಂತೆ.
ಇನ್ನರ್ಧ ಎಲ್ಲೂ ಬಿದ್ದಿರಲಿಲ್ಲ.

ನಮ್ಮ ಹಿತ್ತಿಲ ಒಗೆಯೋ ಬಂಡೆ
ಅಪ್ಪ ಗಾಡಿಯಲ್ಲಿ ತಂದದ್ದು, ನಾನು ಹುಟ್ಟಿದ ವರ್ಷ.
ಒಂದು ಬದಿ ಯಾರೋ ಕಚ್ಚಿ ತಿಂದಂತೆ ಬಾಗಿದೆ.
ಶನಿವಾರ ಆ ಬಾಗಿನಲ್ಲಿ ನನ್ನ ಕತ್ತು ಇಟ್ಟು
ಅಮ್ಮ ಸೀಗೆಪುಡಿ ತಿಕ್ಕುತ್ತಿದ್ದಳು;
ಕಣ್ಣು ಮುಚ್ಚು ಅನ್ನುತ್ತಿದ್ದಳು, ಮುಚ್ಚಿದರೆ
ಬಂಡೆಯ ತಂಪು ಕಿವಿಯ ಹಿಂದಿನಿಂದ ಒಳಗೆ ಹೋಗುತ್ತಿತ್ತು.

ಯಾರೂ ನೋಡುತ್ತಿರಲಿಲ್ಲ.
ಮಂಡಿಯೂರಿ, ಹಿಂದಕ್ಕೆ ವಾಲಿ, ಆ ಅರ್ಧಕ್ಕೆ ಕತ್ತು ಕೊಟ್ಟೆ.
ಕಣ್ಣಿಗಿಂತ ಮೊದಲು ಕತ್ತಿಗೆ ಗೊತ್ತಾಯಿತು.

'ಏನಪ್ಪಾ, ತಲೆ ಸುತ್ತಾ?' ಬಿ.ಪಿ. ಸಾರು
ತಮ್ಮ ಮಾತ್ರೆಯಲ್ಲೇ ಒಂದನ್ನು ಚಾಚಿದರು.

ಐದಕ್ಕೆ ಇಳಿದೆವು. ಹುಡುಗರು ಹಾಡಿದರು, ಆಮೇಲೆ ಮಲಗಿದರು.
ಟೋಲಿನಲ್ಲಿ ಚಿಲ್ಲರೆಗೆ ಜಗಳ.
ಮನೆ ಮುಟ್ಟಿದಾಗ ಸರಸಿ ನನ್ನ ಖಾಕಿ ಅಂಗಿಯನ್ನು
ಬಂಡೆಗೆ ಹೊಡೆಯುತ್ತಿದ್ದಳು, ಬಾಗಿನಲ್ಲಿ ಸೋಪು ಕೂತಿತ್ತು.
ಸೋಪು ತೆಗೆದು ಒಂದು ಚೊಂಬು ನೀರು ಹುಯ್ದೆ.
'ಏನು ಹೊಸದಾಗಿ?'
'ಧೂಳು' ಎಂದೆ.

ರಾತ್ರಿ ಲೆಕ್ಕ ಹಾಕುತ್ತಾ ಬಿದ್ದಿದ್ದೇನೆ.
ಹಿಂದಿನ ಸೀಟು ಮಡಚಿದರೆ ಹಿಡಿಸುತ್ತದೆ,
ದುಡ್ಡು ಕೊಟ್ಟು ಬಾರದವನ ಜಾಗ ಹೇಗೂ ಇದೆ.
ಮೇಲಕ್ಕೆ ಹೊರಲು ಆ ಐದು ಹುಡುಗರು ಸಾಕು, ಬಿರಿಯಾನಿ ಕೊಡಿಸಿದರೆ.

ಬಟ್ಟೆ ಎಲ್ಲಿ ಒಗೆಯಲಿ ಎಂದು ಅವಳು ಕೇಳುತ್ತಾಳಲ್ಲ,
ಅದೊಂದಕ್ಕೆ ಇನ್ನೂ ಏನೂ ಹೊಳೆದಿಲ್ಲ.